ರೆಡ್ ಡಾಟ್ ಇದ್ದ ಮೇಲೆ ಐರನ್ ಸೈಟ್ ಬೇಕಾ?

ಟೆಕ್ಸಾಸ್‌ನಲ್ಲಿ ಎಆರ್-15 ರೈಫಲ್ ತೆಗೆದುಕೊಂಡು ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ, ಬ್ಯಾಟರಿಯ ಸಾಧನ) ಹಾಕಿಸಿದ್ದೀರಿ, ಐರನ್ ಸೈಟ್ (ಬ್ಯಾಟರಿ ಬೇಡದ ಮಾಮೂಲಿ ಗುರಿ ಸಾಧನ) ಕೂಡ ಬೇಕಾ ಅಂತ ಕೇಳಿದ್ದೀರಿ. ಮನೆಯ ರಕ್ಷಣೆಗೆ ಅಂತಾದರೆ ಖಂಡಿತ ಹಾಕಿಸಿ. ಏಮ್‌ಪಾಯಿಂಟ್ ಪ್ರೋ ಎಂಬ ರೆಡ್ ಡಾಟ್‌ನ ಬ್ಯಾಟರಿ ಸುಮಾರು 30,000 ಗಂಟೆ ಬಾಳುತ್ತದೆ, ನಿಜ. ಆದರೆ ಕೈಕೊಡುವುದು ಬ್ಯಾಟರಿ ಒಂದೇ ಅಲ್ವಲ್ಲ. ಗಾಜಿನ ಮೇಲೆ ಮಂಜು ಕೂರುತ್ತದೆ, ಕೆಸರು ಮೆತ್ತುತ್ತದೆ, ಗಾಜೇ ಒಡೆಯಬಹುದು. ಮಡಚುವ ಸೈಟ್ ಸಾಕು. ಡಾಟ್‌ನ ಗಾಜಿನೊಳಗಿಂದ ಅದು ಕಾಣುವಂಥ ಎತ್ತರದ ಮೌಂಟ್ (ಡಾಟ್ ಅನ್ನು ರೈಫಲ್ ಮೇಲೆ ಕೂರಿಸುವ ಭಾಗ) ಆರಿಸಿಕೊಳ್ಳಿ. ಹಾಕಿ ಸುಮ್ನೆ ಬಿಡಬೇಡಿ, ಶೂಟಿಂಗ್ ರೇಂಜ್‌ಗೆ ಹೋಗಿ ಅದನ್ನೂ ಬೇರೆಯಾಗಿ ಝೀರೋ ಮಾಡಿ, ಅಂದರೆ ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ ಹೊಂದಿಸಿ. ಎಷ್ಟೋ ಜನ ಮರೆಯುವುದು ಇದನ್ನೇ! ಮುಂದೆ ಯಾವಾಗಲಾದರೂ ಡಾಟ್ ಬದಲು ಜಾಸ್ತಿ ಜೂಮ್ ಇರುವ ಸ್ಕೋಪ್ (ದುರ್ಬೀನು) ಹಾಕಿದರೆ ಅದರೊಳಗಿಂದ ಐರನ್ ಸೈಟ್ ಬಳಸಲು ಆಗುವುದಿಲ್ಲ. ಆಗ 45 ಡಿಗ್ರಿ ಓರೆಯಾಗಿ ಕೂರುವ ಸೈಟ್ ಬೇಕು. ಬರೀ ಗುರಿ ಅಭ್ಯಾಸಕ್ಕಾದರೆ ಈ ಖರ್ಚು ಬೇಡ.