ಹಳೇ ಗಿನಿಪಿಗ್ ಇರುವ ಗೂಡಿಗೆ ಹೊಸ ಮರಿಯನ್ನು ನೇರವಾಗಿ ಬಿಡಬಹುದಾ?

ನಿಮ್ಮ ಎರಡು ವರ್ಷದ ಹೆಣ್ಣು ಗಿನಿಪಿಗ್ ಒಂಟಿಯಾಗಿತ್ತು, ಅಂಗಡಿಯಿಂದ ಒಂದು ಹೆಣ್ಣು ಮರಿ ತಂದಿದ್ದೀರಿ, ಇವತ್ತೇ ಒಟ್ಟಿಗೆ ಬಿಡಬಹುದಾ ಅಂತ ಕೇಳಿದ್ದೀರಿ. ಇವತ್ತು ಬೇಡ. ಜೊತೆ ತಂದಿದ್ದು ಒಳ್ಳೇದೇ, ಇವು ಗುಂಪಿನಲ್ಲಿ ಬದುಕುವ ಪ್ರಾಣಿಗಳು. ಸ್ವಿಟ್ಜರ್ಲೆಂಡಿನಲ್ಲಂತೂ ಒಂದನ್ನೇ ಸಾಕಲು ಕಾನೂನೇ ಬಿಡುವುದಿಲ್ಲ.

ಮೊದಲು ಅದು ನಿಜವಾಗ್ಲೂ ಹೆಣ್ಣಾ ಅಂತ ವೆಟ್ ಹತ್ತಿರ ತೋರಿಸಿ. ಅಂಗಡಿಯವರು ಹೇಳಿದ್ದನ್ನು ನಾನಂತೂ ನಂಬುವುದಿಲ್ಲ, ಇದರಲ್ಲಿ ತಪ್ಪುವುದು ತುಂಬಾ ಸುಲಭ. ಗಂಡು ಮರಿ ಮೂರ‍್ನಾಲ್ಕು ವಾರಕ್ಕೇ ಗಬ್ಬ ಮಾಡುವಷ್ಟು ಬೆಳೆದಿರಬಹುದು, ನಿಮ್ಮದು ಈ ವಯಸ್ಸಿನಲ್ಲಿ ಮೊದಲ ಸಲ ಗಬ್ಬವಾದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಹಾಗೇ ಎರಡು ಮೂರು ವಾರ ಮರಿಯನ್ನು ಬೇರೆ ಕೋಣೆಯಲ್ಲಿಡಿ. ಕಜ್ಜಿಹುಳ, ಹುಳಕಡ್ಡಿ, ನೆಗಡಿ ಏನಿದ್ದರೂ ಅಷ್ಟರಲ್ಲಿ ಗೊತ್ತಾಗುತ್ತದೆ. ಅದನ್ನು ಮುಟ್ಟಿದ ಕೈ ತೊಳೆದೇ ಹಳೆಯದನ್ನು ಮುಟ್ಟಿ.

ಆಮೇಲೆ ಮುಖಾಮುಖಿ. ಗೂಡಿನೊಳಗೆ ಬೇಡ, ಅದು ದೊಡ್ಡದರ ಜಾಗ. ಎರಡೂ ಓಡಾಡದ ಕಡೆ ನೆಲಕ್ಕೆ ಬೆಡ್‌ಶೀಟ್ ಹಾಸಿ, ಮಧ್ಯೆ ರಾಶಿ ಹುಲ್ಲು, ಕೊತ್ತಂಬರಿ ಸೊಪ್ಪು ಹಾಕಿ. ಅಡಗಲು ರಟ್ಟಿನ ಡಬ್ಬ ಇಡಬಹುದು, ಆದರೆ ಎರಡು ಕಡೆ ಬಾಗಿಲು ಕೊಯ್ದಿರಬೇಕು, ಒಂದೇ ಬಾಗಿಲಿದ್ದರೆ ಮರಿ ಒಳಗೆ ಸಿಕ್ಕಿಹಾಕಿಕೊಂಡು ಏಟು ತಿನ್ನುತ್ತದೆ.

ಈಗ ಗಲಾಟೆ ಶುರುವಾಗುತ್ತದೆ, ಜನ ಹೆದರುವುದೂ ಇಲ್ಲೇ. ದೊಡ್ಡದು ಗುರ್ರ್ ಅಂತ ಸೊಂಟ ಕುಣಿಸಿಕೊಂಡು ಸುತ್ತು ಹಾಕುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಮೇಲೆ ಹತ್ತುತ್ತದೆ (ಹೆಣ್ಣೂ ಹತ್ತುತ್ತದೆ, ಗಾಬರಿಯಾಗಬೇಡಿ), ಮರಿ ಕೊಂದೇಬಿಟ್ಟರು ಅನ್ನುವ ಹಾಗೆ ಕಿರುಚುತ್ತದೆ. ಇದೆಲ್ಲ ಯಜಮಾನಿ ಯಾರು ಅಂತ ತೀರ್ಮಾನ ಆಗುವ ರೀತಿ, ಅಷ್ಟೇ. ನೀವು ಪಾಪ ಅಂತ ಮಧ್ಯೆ ಎತ್ತಿಕೊಂಡರೆ ತೀರ್ಮಾನ ಆಗುವುದಿಲ್ಲ, ನಾಳೆ ಮತ್ತೆ ಮೊದಲಿಂದ ಶುರು. ಹಲ್ಲು ಕಟಕಟ ಅನ್ನಿಸಿದರೂ ಸ್ವಲ್ಪ ತಡೆಯಿರಿ. ಹಲ್ಲು ಕಡಿಯುತ್ತಾ, ಕತ್ತಿನ ಕೂದಲು ನಿಗುರಿಸಿ, ಎದುರುಬದುರು ಹಾರಿ ಕಚ್ಚಲು ಹೋದರೆ, ರಕ್ತ ಬಂದರೆ, ಎರಡೂ ಉಂಡೆಯಾಗಿ ಉರುಳಿದರೆ ಮಾತ್ರ ಬಿಡಿಸಿ. ಬರಿಗೈ ಹಾಕಬೇಡಿ, ಆಳವಾಗಿ ಕಚ್ಚುತ್ತವೆ. ದಪ್ಪ ಟವೆಲ್ ಮೇಲೆ ಹಾಕಿ ಎತ್ತಿ.

ರಜೆ ದಿನ ನೋಡಿಕೊಂಡು ಕೂರಿ, ಒಂದೆರಡು ಗಂಟೆಯಾದರೂ ಬೇಕು. ಒಂದರ ಪಕ್ಕ ಒಂದು ಹುಲ್ಲು ತಿನ್ನುತ್ತಾ ಮಲಗಿದರೆ ಮುಗಿಯಿತು. ಅವು ಹೊರಗಿರುವಾಗಲೇ ಗೂಡನ್ನು ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ಹಳೇ ಹಾಸಿಗೆ ಬಿಸಾಡಿ, ಎರಡನ್ನೂ ಒಟ್ಟಿಗೆ ಒಳಗೆ ಬಿಡಿ. ಅಂಗಡಿಯಲ್ಲಿ ಸಿಗುವ ಸಣ್ಣ ಪಂಜರ ಎರಡಕ್ಕೆ ಸಾಲದು, ನಾಲ್ಕಡಿ ಉದ್ದ ಎರಡಡಿ ಅಗಲವಾದರೂ ಇರಲಿ. ನೀರಿನ ಬಾಟಲಿ, ಬಟ್ಟಲು ಎರಡೆರಡು ಇಡಿ. ಅಡಿಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಮರಿಯ ತೂಕ ನೋಡಿ. ಅದು ಏರುತ್ತಲೇ ಇರಬೇಕು, ಇಳಿದರೆ ದೊಡ್ಡದು ತಿನ್ನಲು ಬಿಡುತ್ತಿಲ್ಲ ಅಥವಾ ಮರಿಗೇ ಹುಷಾರಿಲ್ಲ, ತಡಮಾಡದೆ ವೆಟ್‌ಗೆ ತೋರಿಸಿ.