ಮೈಲುತುತ್ತಿಗೆ ಬಿಸಿನೀರು ಸರಿ, ಸುಣ್ಣಕ್ಕೆ ಯಾಕೆ ಬೇಡ?

ಪ್ರಶ್ನೆ: ಅಡಿಕೆಗೆ ಮದ್ದು (ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ) ಬಿಡುವ ಹಿಂದಿನ ರಾತ್ರಿ ಮೈಲುತುತ್ತನ್ನು, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳನ್ನು, ನೀರಿಗೆ ಹಾಕಿಡುತ್ತೇವೆ. ಬೆಳಗ್ಗೆ ನೋಡಿದರೆ ಬಕೆಟಿನ ಅಡಿಯಲ್ಲಿ ಹರಳು ಹಾಗೇ ಇರುತ್ತದೆ. ಈ ಸಲ ಬಿಸಿನೀರು ಹೊಯ್ದೆವು, ಬೇಗ ಕರಗಿತು. ಸುಣ್ಣಕ್ಕೂ ಹೀಗೇ ಮಾಡಬಹುದಾ?
– ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ತುತ್ತಿಗೆ ಅಡ್ಡಿಯಿಲ್ಲ. ಸುಣ್ಣಕ್ಕೆ ಬೇಡ.

ನಿಮ್ಮ ಬಕೆಟಿನಲ್ಲಿ ನೀರು ಕಡಿಮೆಯಾಗಿ ಹರಳು ಉಳಿದದ್ದಲ್ಲ. ನಮ್ಮೂರಿನ ತಣ್ಣೀರು ಕೂಡ ಲೀಟರಿಗೆ 300 ಗ್ರಾಂಗಿಂತ ಜಾಸ್ತಿ ತುತ್ತನ್ನು ಕರಗಿಸಿಕೊಳ್ಳುತ್ತದೆ. ಒಂದು ಕಿಲೋಗೆ ನಾಲ್ಕು ಲೀಟರ್ ಧಾರಾಳ ಸಾಕು. ತೊಂದರೆ ಇರುವುದು ವೇಗದಲ್ಲಿ. ಕರಗಿದ ತುತ್ತಿನ ನೀರು ಭಾರ, ಅದು ಅಡಿಯಲ್ಲೇ ನಿಂತು ಹರಳನ್ನು ಮುಚ್ಚಿಬಿಡುತ್ತದೆ. ಮೇಲಿನ ತಿಳಿನೀರಿಗೆ ಹರಳು ಸಿಗುವುದೇ ಇಲ್ಲ. ಹಿರಿಯರು ತುತ್ತನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಒಮ್ಮೆ ಹಾಗೆ ಮಾಡಿ ನೋಡಿ: ಗಂಟಿನಿಂದ ನೀಲಿ ನೂಲು ಇಳಿದ ಹಾಗೆ ಇಳಿಯುತ್ತದೆ, ಅದರ ಜಾಗಕ್ಕೆ ಹೊಸ ನೀರು ಬರುತ್ತದೆ. ನನಗೆ ಬಿಸಿನೀರಿಗಿಂತ ಈ ಉಪಾಯವೇ ಇಷ್ಟ, ಸೌದೆಯೂ ಉಳಿಯುತ್ತದೆ ಅಲ್ವಾ!

ಬಿಸಿ ಮಾಡಿದರೆ ತುತ್ತು ಬೇಗ ಕರಗುತ್ತದೆ, ಜಾಸ್ತಿಯೂ ಕರಗುತ್ತದೆ. ಸುಣ್ಣದ ಸ್ವಭಾವ ಉಲ್ಟಾ. ಅರಳಿದ ಸುಣ್ಣ (ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಸಿಗುವುದು) 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದೇ ಸುಮಾರು 1.7 ಗ್ರಾಂ. ಕುದಿಯುವ ನೀರಿನಲ್ಲಿ ಅದರ ಅರ್ಧವೂ ಇಲ್ಲ. ಸುಣ್ಣ ಕರಗುವಾಗ ತಾನೇ ಶಾಖ ಬಿಡುತ್ತದೆ, ಹೊರಗಿನಿಂದ ಇನ್ನಷ್ಟು ಶಾಖ ಕೊಟ್ಟರೆ ಕರಗುವುದು ಹಿಂದಕ್ಕೆ ಸರಿಯುತ್ತದೆ.

ಹಾಗಾದರೆ 50 ಲೀಟರ್ ನೀರಿಗೆ ಹಾಕಿದ ಒಂದು ಕಿಲೋ ಸುಣ್ಣ ಎಲ್ಲಿ ಹೋಯಿತು? ನೂರು ಗ್ರಾಂ ಕೂಡ ಕರಗಿರುವುದಿಲ್ಲ. ಉಳಿದದ್ದು ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ, ಅದಕ್ಕೇ ಹಾಲಿನ ಬಣ್ಣ. ಚಿಂತೆ ಬೇಡ. ಕರಗಿದ ಸುಣ್ಣ ತುತ್ತಿನ ಜೊತೆ ಸೇರಿ ಖರ್ಚಾದ ಹಾಗೆ ಉಳಿದದ್ದು ಕರಗುತ್ತಾ ಹೋಗುತ್ತದೆ. ಕಲಕಿ, ಸೋಸಿಕೊಂಡರೆ ಸಾಕು.

ಸುಟ್ಟ ಸುಣ್ಣವನ್ನು ಅರಳಿಸುವುದಾದರೆ ಇನ್ನೂ ಜಾಗ್ರತೆ. ತಣ್ಣೀರು ಬಿದ್ದರೇ ಅದು ಬುಸುಗುಟ್ಟಿ ಕಾಯುತ್ತದೆ, ಬಿಸಿನೀರು ಹೊಯ್ದರೆ ಮುಖಕ್ಕೇ ಸಿಡಿದೀತು.

ತುತ್ತಿನ ನೀರು, ಸುಣ್ಣದ ನೀರು ಎರಡೂ ಪೂರ್ತಿ ತಣಿದ ಮೇಲೆಯೇ ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಕಣಗಳು ದಪ್ಪವಾಗಿ ಬೇಗ ಅಡಿಗೆ ಕೂರುತ್ತವೆ, ನಾಝಲ್ ಕಟ್ಟಿಕೊಳ್ಳುತ್ತದೆ, ಗೊನೆಗೆ ಸರಿಯಾಗಿ ಅಂಟುವುದೂ ಇಲ್ಲ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಲಿ. ಕೊನೆಗೆ ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿಗೆ ತಾಮ್ರ ಕೂತು ಕೆಂಪಾದರೆ ಸುಣ್ಣ ಸಾಲಲಿಲ್ಲ ಎಂದರ್ಥ, ಇನ್ನೊಂದಿಷ್ಟು ಸುಣ್ಣದ ನೀರು ಸೇರಿಸಿ.