ಬಿಪಿಎಲ್ ಕಾರ್ಡ್ ಇದ್ದರೂ ಖಾಸಗಿ ಆಸ್ಪತ್ರೆಯವರು ಸರ್ಕಾರಿ ಆಸ್ಪತ್ರೆಯ ಪತ್ರ ತನ್ನಿ ಅನ್ನುವುದೇಕೆ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಶುರುವಾದಾಗಿನಿಂದ ನಿಯಮ ಇರುವುದೇ ಹೀಗೆ: ಮೊದಲು ಸರ್ಕಾರಿ ಆಸ್ಪತ್ರೆ. ಬೇಕಾದ ಚಿಕಿತ್ಸೆ ಅಲ್ಲಿಲ್ಲದಿದ್ದರೆ ವೈದ್ಯರು ರೆಫರಲ್ (ಬೇರೆ ಆಸ್ಪತ್ರೆಗೆ ಕಳುಹಿಸುವ ಪತ್ರ) ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ. 30 ಮಾತ್ರ, ಮಿತಿ 1.5 ಲಕ್ಷ.

ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ. ಮೊದಲು ದಾಖಲಾಗಿ, ದುಡ್ಡು ಕಟ್ಟಿ, ಆಮೇಲೆ ಪತ್ರ ತರಲು ಓಡುತ್ತಾರೆ. ಇದು ನಗದುರಹಿತ ಯೋಜನೆ. ಬಿಲ್ ತೋರಿಸಿ ಹಣ ವಾಪಸ್ ಪಡೆಯುವ ದಾರಿಯೆಂದು ನಂಬಿಕೊಳ್ಳಬೇಡಿ. ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಹುಡುಕಿ, ಆಧಾರ್, ರೇಷನ್ ಕಾರ್ಡ್ ಮತ್ತು ರೆಫರಲ್ ಕೊಡಿ. ಚಿಕಿತ್ಸೆಗೆ ಯೋಜನೆಯ ಪೂರ್ವಾನುಮತಿ ಬಂದಿದೆಯೇ ಎಂದು ಕೇಳಿ. ಎರಡೂ ಕಾರ್ಡಿನಲ್ಲಿ ಹೆಸರು ಬೇರೆಬೇರೆ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಈಗಲೇ ಸರಿಪಡಿಸಿಕೊಳ್ಳಿ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಪತ್ರ ಬೇಡ, ನೇರವಾಗಿ ಹೋಗಬಹುದು. ಬರೀ ಹೊರರೋಗಿ ತಪಾಸಣೆ, ಮಾತ್ರೆಗಳ ಖರ್ಚು ಇದರಲ್ಲಿ ಬರುವುದಿಲ್ಲ.

ಈ ಪತ್ರದ ನಿಯಮ ಜನರಿಗೆ ತೊಂದರೆ ಎನ್ನುವವರಿದ್ದಾರೆ. ಕ್ಯಾನ್ಸರ್‌ನಂಥ ಕಾಯಿಲೆಯಲ್ಲಿ ಒಂದೊಂದು ದಿನವೂ ಮುಖ್ಯ, ಆ ದೂರು ನ್ಯಾಯವೇ. ಆದರೂ ನಿಯಮವನ್ನು ತೆಗೆಯಬಾರದು. ತೆಗೆದರೆ ಜಿಲ್ಲಾಸ್ಪತ್ರೆಯಲ್ಲೇ ಆಗುವ ಹರ್ನಿಯಾದಂಥ ಶಸ್ತ್ರಚಿಕಿತ್ಸೆಗೂ ಸರ್ಕಾರದ ಹಣ ಖಾಸಗಿಗೆ ಹರಿಯುತ್ತದೆ, ಜಿಲ್ಲಾಸ್ಪತ್ರೆ ಸೊರಗುತ್ತದೆ. ಆಗಬೇಕಾದ್ದು ರೆಫರಲ್ ಅದೇ ದಿನ ಕೈಗೆ ಸಿಗುವಂತೆ ಮಾಡುವುದು.